ಅಮೆರಿಕದಲ್ಲಿ ನಾನು ಹವಾಲಿ ಮಾಡಿದ ಹುಡುಗಿ

ಹುಮನಾಬಾದ್, ಹೊರಡುವ ಮುಂಚೆ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಜನ ಕೇಳುವುದು ಎರಡೇ ಮಾತು. ಹಿಮ ನೋಡಿದಿರಾ? ಊಟಕ್ಕೆ ಏನು ಮಾಡಿದಿರಿ? ನೋಡಿದೆ, ಹಿಮ ತಣ್ಣಗಿರುತ್ತದೆ. ಬ್ರೆಡ್ಡು ತಿಂದೆ, ನಾಲಿಗೆ ಸತ್ತುಹೋಯಿತು. ಇಷ್ಟು ಹೇಳಿ ಎದ್ದುಬಿಡುತ್ತೇನೆ. ನನ್ನನ್ನು ಕಳಿಸಿದ್ದು ಹಿಮ ನೋಡಲು ಅಲ್ಲ, ಕಾಲೇಜು ಹುಡುಗಿಯರನ್ನು ಅಲ್ಲಿ ಹೇಗೆ ಕಾಯುತ್ತಾರೆ ಎಂದು ನೋಡಿ ಬರಲು. ಅದನ್ನು ಮಾತ್ರ ಒಬ್ಬರೂ ಕೇಳುವುದಿಲ್ಲ, ಆದ್ದರಿಂದ ಇಲ್ಲಿ ನಾನೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹುಮನಾಬಾದಿನ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ಅಲ್ಲಿದ್ದ ಅಧ್ಯಾಪಕಿ ನಾನೊಬ್ಬಳೇ ಆದ್ದರಿಂದ ಹುಡುಗಿಯರ ವಿಷಯ ಏನೇ ಬಂದರೂ ನನ್ನ ತಲೆಗೇ ಕಟ್ಟುತ್ತಿದ್ದರು. ಯಾರಿಗೋ ತಲೆ ತಿರುಗಿದರೆ ನಾನು, ಯಾರದೋ ಚಪ್ಪಲಿ ಕಳೆದರೆ ನಾನು. ಅಧ್ಯಾಪಕರ ವಿನಿಮಯ ಎಂಬ ಯೋಜನೆಯಲ್ಲಿ ನನಗೆ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಹೋಗುವ ಅವಕಾಶ ಸಿಕ್ಕಾಗ ನಮ್ಮ ಆಡಳಿತ ಮಂಡಳಿಯವರು ನನಗಿಂತ ಹೆಚ್ಚು ಖುಷಿಪಟ್ಟರು. "ಬಾಯಾರ, ಅಲ್ಲಿ ಹುಡುಗೇರ ಬಂದೋಬಸ್ತ್ ಹ್ಯಾಂಗ ಮಾಡ್ತಾರ ಜರಾ ನೋಡ್ಕೊಂಡ್ ಬರ್ರಿ" ಎಂದರು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಬಾಯಾರು ಎನ್ನುವುದು ವಾಡಿಕೆ.

ಆಗ ನಮ್ಮ ಬಂದೋಬಸ್ತು ಹೇಗಿತ್ತು ಎಂದು ಹೇಳದೆ ಮುಂದೆ ಹೋದರೆ ಯಾವುದೂ ತಿಳಿಯುವುದಿಲ್ಲ. ಸುತ್ತಲಿನ ಹಳ್ಳಿಗಳಿಂದ ಹುಡುಗಿಯರು ಕಾಲೇಜಿಗೆ ಬರುತ್ತಿದ್ದದ್ದು ಹೆಸರಿಗೆ ಬಸ್ಸಿನಲ್ಲಿ, ನಿಜವಾಗಿ ಹವಾಲಿಯಲ್ಲಿ. ಬೆಳಿಗ್ಗೆ ಅಪ್ಪ ಬಸ್ಸಿನ ಬಾಗಿಲಿಗೆ ಬಂದು ಕಂಡಕ್ಟರನಿಗೆ "ನಮ್ಮ ಹುಡುಗಿ ನಿಮ್ಮ ಹವಾಲಿ ನೋಡ್ರಿ" ಎಂದು ಒಪ್ಪಿಸುತ್ತಾನೆ. ಕಂಡಕ್ಟರ್ ಹುಮನಾಬಾದಿನಲ್ಲಿ ಇಳಿಸಿ ಬಸ್‌ಸ್ಟ್ಯಾಂಡಿನ ಎದುರಿನ ಯಾವುದೋ ಅಂಗಡಿಯ ಹಿರಿಯರಿಗೆ ಒಪ್ಪಿಸುತ್ತಾನೆ. ಅವರು ಕಾಲೇಜಿನ ದಾರಿ ಹಿಡಿದ ಇನ್ನೊಬ್ಬರಿಗೆ. ಸಂಜೆ ಇದೇ ಸರಪಳಿ ತಿರುಗಿ ಹೋಗುತ್ತದೆ, ಬಸ್ಸು ಬರುವ ತನಕ ಹುಡುಗಿ ಆ ಅಂಗಡಿಯಲ್ಲೇ ಕುಳಿತಿರಬೇಕು. ಒಮ್ಮೆ ಹವಾಲಿಗೆ ತೆಗೆದುಕೊಂಡವನು ಇನ್ನೊಬ್ಬರಿಗೆ ಒಪ್ಪಿಸುವ ತನಕ ತನ್ನ ಕೆಲಸ ಬಿಟ್ಟಾದರೂ ನಿಲ್ಲುತ್ತಾನೆ. ಇದಕ್ಕೆ ಕೂಲಿಯಿಲ್ಲ, ಇಲ್ಲ ಎನ್ನುವ ರೂಢಿಯೂ ಇಲ್ಲ. ನನಗೆ ಈ ಪದ್ಧತಿಯ ಮೇಲೆ ತುಂಬ ಹೆಮ್ಮೆಯಿತ್ತು.

ಬೇಮಳಖೇಡದ ಜಗದೇವಿಯೂ ಹೀಗೆಯೇ ಬರುತ್ತಿದ್ದಳು. ಬಿ.ಎ. ಎರಡನೆಯ ವರ್ಷ. ಕುರಿ ಕಾಯುವ, ತುಸು ಹೊಲವಿರುವ ಮನೆ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಹೆಣ್ಣಿರಲಿ, ಗಂಡೂ ಇರಲಿಲ್ಲ. ಅವಳಪ್ಪ ಬೀರಪ್ಪ ಬಸ್‌ಸ್ಟ್ಯಾಂಡಿನ ಎದುರು ತನ್ನ ತೊಗರಿ ಮಾರಿಕೊಡುತ್ತಿದ್ದ ಅಡತಿ ಅಂಗಡಿಯ ಯಜಮಾನರಿಗೇ ಮಗಳನ್ನೂ ಹವಾಲಿ ಮಾಡಿದ್ದ. ಬಿಳಿ ಧೋತರ, ಬಿಳಿ ಟೋಪಿ, ಹಣೆಯ ಮೇಲೆ ವಿಭೂತಿ. ಬಸ್‌ಸ್ಟ್ಯಾಂಡಿಗೆಲ್ಲ ಅವರು ದೊಡ್ಡಪ್ಪ. ಅವರ ಅಂಗಡಿಯಲ್ಲಿ ಮಗಳು ಕೂರುತ್ತಾಳೆ ಎಂದರೆ ಯಾವ ಅಪ್ಪನಿಗೂ ನೆಮ್ಮದಿ.

ನಾನು ಹೊರಡುವ ವಾರ ಬೀರಪ್ಪ ಕಾಲೇಜಿಗೆ ಬಂದ. ಮಗಳ ಟಿ.ಸಿ. ಕೊಡಬೇಕಂತೆ.

"ಯಾಕೋ ಬೀರಪ್ಪ, ಏನಾಯ್ತು?"

"ಏನ್ ಹೇಳ್ಲಿರಿ ಬಾಯಾರ. ಕಾಲೇಜ್ ಬಿಟ್ಟ ಮ್ಯಾಲ ದೊಡ್ಡಪ್ಪನ ಅಂಗಡಿದಾಗ ಕುಂದರು ಅಂದ್ರ ಕುಂದ್ರಂಗಿಲ್ಲ. ಊರ ಹಿಂದಿನ ಹಾದಿ ಹಿಡದು ಸುತ್ತ ಹಾಕಿ, ಬಸ್ ಹೊಂಡೋ ಹೊತ್ತಿಗಿ ಓಡಿ ಬಂದು ಹತ್ತತಾಳಂತ. ನಮ್ಮೂರವ್ರು ನೋಡ್ಯಾರ. ದೊಡ್ಡಪ್ಪನಽ ಹೇಳ್ದ, ನಿನ್ನ ಮಗಳ ನಡತಿ ನೋಡ್ಕೊ ಅಂತ. ಕೇಳಿದ್ರ ಬಾಯಿ ಬಿಡಂಗಿಲ್ಲ. ಇಜ್ಜತ್ ಹೋದ ಮ್ಯಾಲ ಬಿ.ಎ. ತೊಗೊಂಡ್ ಏನ್ ಮಾಡ್ಲಿರಿ?"

ಜಗದೇವಿಯನ್ನು ಕರೆಸಿ ಕೇಳಿದೆ. ನೆಲ ನೋಡುತ್ತ ನಿಂತಳು, ಮಾತಿಲ್ಲ. ಗದರಿದೆ, ಮಾತಿಲ್ಲ. ನನಗೂ ಸಿಟ್ಟು ಬಂತು. ಕಡೆಗೆ ಬೀರಪ್ಪನ ಮುಂದೆ ಕೈಯೊಡ್ಡುವುದೊಂದು ಬಾಕಿ, ನಾನು ತಿರುಗಿ ಬರುವ ತನಕ ಹೆಸರು ತೆಗೆಸಬೇಡ ಎಂದು ಬೇಡಿಕೊಂಡೆ.

"ನಿಮ್ಮ ಮಾತಿಗಿ ನಿಂದರ್ತೀನ್ರಿ. ನೀವ್ ಬಂದ ಮ್ಯಾಲ ಫೈಸಲಾ ಮಾಡ್ರಿ. ಅಲ್ಲಿತನಕ ಮನ್ಯಾಗ ಕುರಿ ನೋಡ್ಕೊಂಡ್ ಇರ್ಲಿ" ಎಂದು ಹೊರಟುಹೋದ.

ಬೊಂಬಾಯಿ ವಿಮಾನ ನಿಲ್ದಾಣ

ನನ್ನನ್ನು ಬೀಳ್ಕೊಡಲು ಬಸವಕಲ್ಯಾಣದಿಂದ ಅಣ್ಣ ಬೊಂಬಾಯಿಯವರೆಗೂ ಬಂದ. ತಲೆಯಲ್ಲಿ ಬಿಳಿ ಕೂದಲು ಮೂಡಿದ್ದ, ಮುನ್ನೂರು ಹುಡುಗರನ್ನು ಒಂದೇ ಕಣ್ಣಲ್ಲಿ ಹೆದರಿಸುವ ಹೆಂಗಸು ನಾನು. ಅಣ್ಣನ ಕಣ್ಣಿಗೆ ಅದೇನೂ ಬೀಳಲಿಲ್ಲ. ಸಾಲಿನಲ್ಲಿ ನಿಂತಿದ್ದ ಸಫಾರಿ ಸೂಟಿನವರೊಬ್ಬರ ಊರು ಸೋಲಾಪುರ ಎಂದು ವಿಚಾರಿಸಿ ತಿಳಿದದ್ದೇ ತಡ, ನನ್ನ ಕೈಹಿಡಿದು ಅವರ ಮುಂದೆ ನಿಲ್ಲಿಸಿದ.

"ಸಾಹೇಬ್ರ, ನಮ್ಮ ತಂಗಿ. ನಿಮ್ಮ ಹವಾಲಿ ಮಾಡೀನ್ರಿ."

"ಅಣ್ಣ, ಸುಮ್ಮನಿರೋ!" ಎಂದೆ.

ಸಾಹೇಬರು ಗಂಭೀರವಾಗಿ ತಲೆಯಾಡಿಸಿ, ಮರಾಠಿ ಬೆರೆತ ಕನ್ನಡದಲ್ಲಿ "ಕಾಳಜಿ ಮಾಡಬ್ಯಾಡ್ರಿ, ನಮ್ಮ ಬಹಿಣಿ ಇದ್ದಂಗ" ಎಂದು ನನ್ನನ್ನು ಸ್ವೀಕರಿಸಿದರು. ವಿಮಾನ ಏರಿದ ಮೇಲೆ ಅವರು ಮಾಡಿದ ಕಾವಲು ಇಷ್ಟೇ: ನನ್ನ ಪಕ್ಕದ ಸೀಟಿಗೆ ಬದಲಾಯಿಸಿಕೊಂಡು ಬಂದು, ನನ್ನ ಭುಜದ ಕಡೆ ಬಾಯಿ ತೆರೆದು ನಿದ್ದೆ ಹೋದರು. ನಡುವೆ ವಿಮಾನ ಬದಲಿಸುವ ಊರಿನಲ್ಲಿ ಅವರ ಟಿಕೆಟ್ಟು ಕಳೆಯಿತು. ಅದನ್ನು ಹುಡುಕಿದವಳು ನಾನು. ಅವರ ಕನ್ನಡಕ ಸೀಟಿನ ಕೆಳಗಿತ್ತು, ಅದನ್ನು ಬಗ್ಗಿ ತೆಗೆದವಳೂ ನಾನು. ಅವರ ದಾರಿ ಬೇರೆಯಾಗುವ ಹೊತ್ತಿಗೆ ನನಗೆ ಸಾಕೋ ಸಾಕಾಗಿತ್ತು. ಅವರು ಆದರೂ ಬಿಡಲಿಲ್ಲ. ಕೌಂಟರಿನಲ್ಲಿದ್ದ ಚಿನ್ನದ ಕೂದಲಿನ ಹೆಂಗಸಿಗೆ ನನ್ನನ್ನು ತೋರಿಸಿ, "ಇವರು ನನ್ನ ತಂಗಿ, ಇನ್ನು ನಿಮ್ಮ ಜವಾಬ್ದಾರಿ" ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿಯೇ ಹೋದರು. ಆಕೆ ನನ್ನನ್ನು ನೋಡಿದಳು, ನಾನು ಆಕೆಯನ್ನು ನೋಡಿದೆ. ಇಬ್ಬರಿಗೂ ಏನು ಮಾಡಬೇಕೋ ತಿಳಿಯಲಿಲ್ಲ.

ಕತ್ತಲಾಗುವ ಮುಂಚೆ, ಗ್ರಂಥಾಲಯದ ಬಾಗಿಲಲ್ಲಿ

ನಾನು ಇಳಿದದ್ದು ಅಮೆರಿಕದ ನಡುಭಾಗದ ಒಂದು ಊರು. ವಿಶ್ವವಿದ್ಯಾಲಯವೇ ಊರು, ಊರೇ ವಿಶ್ವವಿದ್ಯಾಲಯ. ಚಳಿಗಾಲದ ಬಾಯಿ, ನಾವು ಮಧ್ಯಾಹ್ನದ ಚಹಾ ಕುಡಿದು ಲೋಟ ತೊಳೆಯುವ ಹೊತ್ತಿಗೆ ಅಲ್ಲಿ ದೀಪ ಹಚ್ಚಬೇಕು. ವಿದ್ಯಾರ್ಥಿಗಳ ಕಚೇರಿಯ ಮಾರ್ಗರೆಟ್ ಎಂಬ ಹೆಂಗಸು ನನ್ನ ಮೇಲ್ವಿಚಾರಣೆಗೆ ಇದ್ದಳು. ನನ್ನ ವಯಸ್ಸಿನವಳೇ, ಆದರೆ ನಡಿಗೆ ಮಾತ್ರ ಓಟ.

ಅವಳು ತೋರಿಸಿದ ಬಂದೋಬಸ್ತಿಗೆ ನಾನು ಬಾಯಿ ಬಿಟ್ಟದ್ದು ನಿಜ. ದಾರಿಯುದ್ದಕ್ಕೂ ನೀಲಿ ದೀಪದ ಕಂಬ, ಕಂಬದಲ್ಲಿ ಟೆಲಿಫೋನು. ರಿಸೀವರ್ ಎತ್ತಿದರೆ ಸಾಕು, ಕಾವಲಿನವರ ಗಾಡಿ ಬರುತ್ತದೆ. ಹುಡುಗಿಯರಿಗೆಲ್ಲ ಕೊರಳಿಗೆ ಹಾಕಿಕೊಂಡು, ಹೆದರಿಕೆಯಾದರೆ ಊದಲು ಸೀಟಿ. ಕತ್ತಲಾದ ಮೇಲೆ ಯಾರಾದರೂ ಒಬ್ಬಳೇ ಮನೆಗೆ ಹೋಗಬೇಕಾದರೆ ಭದ್ರತಾ ವಿಭಾಗಕ್ಕೆ ಫೋನು ಮಾಡಬೇಕು, ಒಬ್ಬ ಕಾವಲುಗಾರ ಬಂದು ಜೊತೆಗೆ ನಡೆದು ಮನೆ ಮುಟ್ಟಿಸುತ್ತಾನೆ.

ಜೊತೆಗೆ ಒಂದು ಕರಪತ್ರವೂ ಇತ್ತು. ಒಬ್ಬಳೇ ನಡೆಯಬೇಡ. ಪೊದೆಗಳ ಪಕ್ಕ ಹೋಗಬೇಡ. ಬೀಗದ ಕೈ ಮುಂಚೆಯೇ ತೆಗೆದಿಟ್ಟುಕೊ. ಅಪರಿಚಿತರೊಂದಿಗೆ ಮಾತಾಡಬೇಡ. ಓದುತ್ತ ಓದುತ್ತ ನನಗೆ ನಮ್ಮವ್ವನ ದನಿಯೇ ಕೇಳಿಸಿತು. ಇಷ್ಟು ದೂರ ಹಾರಿ ಬಂದು ಅವ್ವನ ಬೈಗುಳವನ್ನೇ ಇಂಗ್ಲಿಷಿನಲ್ಲಿ ಓದಬೇಕಾಯಿತಲ್ಲ!

"ಹುಡುಗರಿಗೆ ಕೊಡುವ ಕರಪತ್ರ ಎಲ್ಲಿ?" ಎಂದು ಮಾರ್ಗರೆಟ್‌ಳನ್ನು ಕೇಳಿದೆ.

"ಹುಡುಗರಿಗೆ ಏಕೆ?" ಎಂದಳು.

ಆ ಸಂಜೆ ಗ್ರಂಥಾಲಯದಿಂದ ನನ್ನ ವಸತಿಗೆ ಹೋಗಲು ನನಗೂ ಒಬ್ಬ ಕಾವಲುಗಾರನನ್ನು ಕರೆಸಿದಳು. ಬಾಗಿಲ ತುಂಬ ಬರುವಂಥ ಆಳು, ದಪ್ಪ ಕೋಟು, ಸೊಂಟದಲ್ಲಿ ಟಾರ್ಚು. ಹೆಸರು ಹೇಳಿ, ಗುರುತಿನ ಚೀಟಿ ತೋರಿಸಿ, ಒಂದು ಮಾರು ದೂರದಲ್ಲಿ ನಡೆಯತೊಡಗಿದ. ನಾನು ಊರು ಕೇಳಿದೆ, ಹೇಳಿದ. ಮಕ್ಕಳೆಷ್ಟು ಎಂದೆ, ನಕ್ಕು ಸುಮ್ಮನಾದ. ಮನೆ ಬಂತು. ಬೀಗ ತೆಗೆದೆ. ಹೊರಟೇ ಬಿಟ್ಟ.

"ಒಳಗೆ ಬನ್ನಿ, ಚಹಾ ಕುಡಿದು ಹೋಗಿ."

"ಇಲ್ಲ ಮೇಡಂ, ನಿಯಮವಿಲ್ಲ."

"ಸರಿ, ನನ್ನನ್ನು ಯಾರಿಗೆ ಒಪ್ಪಿಸಿದಿರಿ?"

ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಬಾಗಿಲು ತೋರಿಸಿದ. ಅಂದರೆ ಬಾಗಿಲಿಗೆ ಒಪ್ಪಿಸಿದ! ಒಳಗೆ ಕತ್ತಲು, ನಾನೊಬ್ಬಳೇ. ಒಳಗೇ ಕಳ್ಳ ಕೂತಿದ್ದರೆ? ನಮ್ಮೂರಲ್ಲಿ ಹುಡುಗಿಯನ್ನು ಮುಟ್ಟಿಸಿದವನು ಒಳಗಿನಿಂದ "ಬಂದ್ಳು, ಬಂದ್ಳು" ಎಂದು ಯಾರಾದರೂ ಹೇಳುವ ತನಕ ಅಂಗಳ ಬಿಡುವುದಿಲ್ಲ. ನೀರಾದರೂ ಕುಡಿಯದೆ ಕಳಿಸಿದರೆ ಮನೆಯವರಿಗೆ ನಾಚಿಕೆ. ಇವನ ಕೆಲಸ ಬೀಗದ ಸದ್ದಿಗೆ ಮುಗಿಯಿತು. ಆ ಹೊತ್ತಿಗೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಮನೆಯವರಿಗೆ ಬರೆದ ಕಾಗದದಲ್ಲಿ ಅಮೆರಿಕನ್ನರಿಗೆ ಕಾವಲು ಕಾಯುವುದು ಬರುವುದೇ ಇಲ್ಲ ಎಂದು ತೀರ್ಪು ಕೊಟ್ಟುಬಿಟ್ಟೆ.

ಬಸ್ ನಿಲ್ದಾಣ

ಕ್ಯಾರನ್ ಎಂಬ ಹುಡುಗಿ ನಾನು ಮಾತಾಡುತ್ತಿದ್ದ ತರಗತಿಗೆ ಬರುತ್ತಿದ್ದಳು. ಸಣ್ಣಗೆ ಬೆತ್ತದ ಕೋಲಿನ ಹಾಗೆ ಇದ್ದ, ಉಗುರು ಕಚ್ಚುವ ಹುಡುಗಿ. ಮುಗಿದ ಮೇಲೂ ಕೂತು ನಮ್ಮ ಹಳ್ಳಿಗಳ ಬಗ್ಗೆ ಕೇಳುತ್ತಿದ್ದಳು. ಒಂದು ಸಂಜೆ ಹೀಗೆ ಮಾತಾಡುತ್ತ ಹೊತ್ತು ಹೋಯಿತು. ಹೊರಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಮುಖಕ್ಕೆ ಹೊಡೆಯುತ್ತಿತ್ತು. ಅವಳ ಮನೆ ಬಸ್ಸಿನ ದಾರಿ, ನನ್ನದು ಅದಕ್ಕೆ ಬೆನ್ನು. ಕಂಬದ ಟೆಲಿಫೋನು ಎತ್ತಿದರೆ, ಕಾವಲಿನವರೆಲ್ಲ ಬೇರೆ ಕಡೆ ಇದ್ದಾರೆ, ಕಾಯಿರಿ ಎಂದರು. ಕಾದೆವು. ನನ್ನ ಪಾದ ಮರಗಟ್ಟಿತು. ಸೀರೆಯಂಚು ನೆನೆದು ಹಲಗೆಯಾಯಿತು.

ಅಷ್ಟರಲ್ಲಿ ಅವಳ ಬಸ್ಸು ಬಂತು. ಅದೇ ಬಸ್ಸಿಗೆ ಒಬ್ಬ ಹಿರಿಯರು ಹೊರಟಿದ್ದರು. ಬೆಳ್ಳಗಿನ ಕೂದಲು, ಉದ್ದ ಕೋಟು, ಕೈಯಲ್ಲಿ ಊರುಗೋಲು, ಕಂಕುಳಲ್ಲಿ ಪತ್ರಿಕೆ. ನೋಡಿದ ಕೂಡಲೇ ಕೈ ಮುಗಿಯಬೇಕು ಎನ್ನಿಸುವ ಮುಖ. ನಾನು ಯೋಚಿಸಲೇ ಇಲ್ಲ. ಕ್ಯಾರನ್‌ಳ ಕೈ ಹಿಡಿದು ಅವರ ಮುಂದೆ ನಿಲ್ಲಿಸಿದೆ.

"ಸರ್, ಇವಳು ನಮ್ಮ ಹುಡುಗಿ. ಮನೆಯ ತನಕ ನೀವು ನೋಡಿಕೊಳ್ಳಿ. ನಿಮಗೆ ಒಪ್ಪಿಸಿದ್ದೇನೆ."

ಹಿರಿಯರು ಗಾಬರಿಯಾದರು. ಆಮೇಲೆ ಟೋಪಿ ತೆಗೆದು, "ಖಂಡಿತ, ಖಂಡಿತ" ಎಂದರು. ಕ್ಯಾರನ್ ಏನೋ ಹೇಳಲು ಬಾಯಿ ತೆರೆದಳು. ಬಸ್ಸು ಹೊರಟಿತು. ಒಂದು ಹುಡುಗಿಯನ್ನು ಸರಿಯಾದ ಕೈಗೆ ಒಪ್ಪಿಸಿದ ಸಮಾಧಾನದಲ್ಲಿ ನಾನು ಮನೆಗೆ ಹೋಗಿ ಬಿಸಿ ಹಾಲು ಕುಡಿದೆ.

ಭದ್ರತಾ ವಿಭಾಗದ ಕಚೇರಿ

ಮರುದಿನ ಬೆಳಿಗ್ಗೆ ನನ್ನನ್ನು ಕರೆಸಿದರು. ಮಾರ್ಗರೆಟ್ ಓಡುತ್ತ ಬಂದಳು, ಈ ಸಲ ಓಟಕ್ಕೆ ಕಾರಣವಿತ್ತು.

ನಡೆದದ್ದು ಇದು. ಆ ಪುಣ್ಯಾತ್ಮರು ನನ್ನ ಮಾತನ್ನು ವೇದವಾಕ್ಯವೆಂದು ತಿಳಿದಿದ್ದರು. ಬಸ್ಸಿನಲ್ಲಿ ಕ್ಯಾರನ್‌ಳ ಪಕ್ಕದಲ್ಲೇ ಕುಳಿತರು. ಅವಳು ಎದ್ದು ಬೇರೆ ಕಡೆ ಕೂತರೆ ಅಲ್ಲಿಗೂ ಬಂದರು. ಹೆದರಿದ ಹುಡುಗಿ ತನ್ನ ನಿಲ್ದಾಣಕ್ಕಿಂತ ಮುಂಚೆಯೇ ಇಳಿದಳು, ಅವರೂ ಇಳಿದರು. ಅವಳು ಓಡಿ ಒಂದು ಅಂಗಡಿ ಹೊಕ್ಕಳು. ಅವರು ಊರುಗೋಲು ಊರುತ್ತ ಅಂಗಡಿಯ ಬಾಗಿಲಲ್ಲಿ ಬಂದು ನಿಂತರು. ಅಂಗಡಿಯವನು ಪೊಲೀಸರಿಗೆ ಫೋನು ಮಾಡಿದ. "ಸೀರೆಯುಟ್ಟ ಒಬ್ಬ ಹೆಂಗಸು ಈ ಹುಡುಗಿಯನ್ನು ನನಗೆ ಒಪ್ಪಿಸಿದ್ದಾಳೆ" ಎಂದು ಅವರು ಹೇಳಿದ್ದನ್ನು ಯಾರೂ ನಂಬಲಿಲ್ಲ. ಯಾರು ನಂಬುತ್ತಾರೆ! ಆ ವಯಸ್ಸಿನಲ್ಲಿ ಅವರನ್ನು ಠಾಣೆಯಲ್ಲಿ ಕೂರಿಸಿ, ಗಾಬರಿ ಇಳಿದು ಕ್ಯಾರನ್ ನಿಜ ಹೇಳಿದ ಮೇಲೆ ಬಿಟ್ಟರಂತೆ.

ಅಧಿಕಾರಿ ನನ್ನನ್ನು ಕೇಳಿದ, "ಅವರು ನಿಮಗೆ ಪರಿಚಯವೆ?"

"ಇಲ್ಲ."

"ಹೆಸರು ಗೊತ್ತೆ?"

"ಇಲ್ಲ."

"ಮತ್ತೆ ಯಾವ ಆಧಾರದ ಮೇಲೆ ಒಂದು ಹುಡುಗಿಯನ್ನು ಅವರ ಕೈಗೆ ಕೊಟ್ಟಿರಿ?"

"ಹಿರಿಯರು. ನೋಡಿದರೆ ಗೊತ್ತಾಗುತ್ತದೆ."

"ಏನು ಗೊತ್ತಾಗುತ್ತದೆ ಮೇಡಂ?"

ನನಗೆ ರೇಗಿತು. ನಿಮ್ಮ ಕಂಬ ಹತ್ತಿದ ದೀಪಗಳಿಗೆ ಜೀವ ಇದ್ದಿದ್ದರೆ ನಾನು ಮನುಷ್ಯರನ್ನು ಹುಡುಕುತ್ತಿರಲಿಲ್ಲ ಎಂದು ಅಂದೇ ಬಿಟ್ಟೆ. ನಮ್ಮ ಕಡೆ ಹುಡುಗಿಯನ್ನು ಹೇಗೆ ಕೈಯಿಂದ ಕೈಗೆ ಮುಟ್ಟಿಸುತ್ತಾರೆ ಎಂದು ಪೂರ್ತಿ ಪಾಠ ಮಾಡಿದೆ. ಮೂಲೆಯ ಕುರ್ಚಿಯಲ್ಲಿ ಕ್ಯಾರನ್ ಕೂತಿದ್ದದ್ದು ನನಗೆ ಅಲ್ಲಿಯ ತನಕ ಕಂಡಿರಲಿಲ್ಲ.

"ನೀವು ಅವರ ಬಿಳಿ ಕೂದಲು ನೋಡಿದಿರಿ" ಎಂದಳು ಅವಳು. "ನನ್ನ ಮುಖ ನೋಡಲಿಲ್ಲ."

ದನಿ ಏರಿಸಿ ಹೇಳಿದ್ದರೆ ನಾನೂ ಏರಿಸುತ್ತಿದ್ದೆ. ಅವಳು ಮೆತ್ತಗೆ ಹೇಳಿದಳು.

ಹೊರಗೆ ಬಂದ ಮೇಲೆ ಕ್ಷಮೆ ಕೇಳಿದೆ. ಆ ಹಿರಿಯರು ಪಾಪ ಒಳ್ಳೆಯವರೇ ಇರಬೇಕು, ತನಗೆ ಅವರ ಮೇಲೆ ಸಿಟ್ಟಿಲ್ಲ ಎಂದಳು. ಸ್ವಲ್ಪ ದೂರ ನಡೆದ ಮೇಲೆ ತಾನಾಗಿಯೇ ಹೇಳತೊಡಗಿದಳು. ಅವಳು ಶಾಲೆಯಲ್ಲಿದ್ದಾಗ ಪಿಯಾನೋ ಕಲಿಯಲು ಹೋಗುತ್ತಿದ್ದಳು. ಮರಳಿ ಬರುವಾಗ ಅವಳಪ್ಪನ ಸ್ನೇಹಿತನೊಬ್ಬನ ಮನೆಯಲ್ಲಿ ಕಾಯಬೇಕಿತ್ತು. ಊರಿಗೇ ಬೇಕಾದ ಮನುಷ್ಯ. ಅವನ ಮನೆಯಲ್ಲಿ ಏನಾಗುತ್ತಿತ್ತು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಆಮೇಲೆ ಆ ಬೀದಿಗೇ ಹೋಗುತ್ತಿರಲಿಲ್ಲ. ಕೆರೆಯ ಹಿಂದಿನಿಂದ ಸುತ್ತು ಹಾಕಿ ಮನೆಗೆ ಬರುತ್ತಿದ್ದೆ. ತಡವಾಗಿ ಬರುತ್ತೀಯ, ಎಲ್ಲಿ ಅಲೆಯುತ್ತೀಯ ಎಂದು ಅಪ್ಪ ಬೈಯುತ್ತಿದ್ದ" ಎಂದಳು.

ನಾನು ನಿಂತುಬಿಟ್ಟೆ. ಊರ ಹಿಂದಿನ ಹಾದಿ. ಬಸ್ಸು ಹೊರಡುವ ಹೊತ್ತಿಗೆ ಓಡಿ ಬಂದು ಹತ್ತುವ ಜಗದೇವಿ. ನಡತೆ ನೋಡಿಕೋ ಎಂದ ದೊಡ್ಡಪ್ಪ. "ಏನಾಯಿತು?" ಎಂದು ಕ್ಯಾರನ್ ಕೇಳಿದಳು. "ನಮ್ಮೂರಿನಲ್ಲಿ ಒಬ್ಬಳಿದ್ದಾಳೆ" ಎಂದಷ್ಟೇ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಟೆಲಿಫೋನಿನ ಮುಂದೆ

ಅಂದಿನಿಂದ ನನಗೆ ಅಮೆರಿಕ ಮುಳ್ಳಾಯಿತು. ಕಾಗದ ಬರೆದರೆ ನನಗಿಂತ ಹಿಂದೆ ಊರು ಮುಟ್ಟುತ್ತದೆ. ಬೀರಪ್ಪನಿಗೆ ಓದು ಬಾರದು, ಯಾರ ಕೈಲಿ ಓದಿಸುತ್ತಾನೋ, ಅವರು ಅದನ್ನು ಎಲ್ಲೆಲ್ಲಿ ಹರಡುತ್ತಾರೋ. ಜಗದೇವಿಯ ಹೆಸರು ತೆಗೆಸಬೇಡಿ, ಅವಳನ್ನು ಆ ಅಂಗಡಿಗೆ ಕಳಿಸಲೂ ಬೇಡಿ ಎಂದು ಪ್ರಾಂಶುಪಾಲರಿಗೆ ಹೇಳಿದರೆ ಸಾಕೆಂದು ಕಾಲೇಜಿಗೆ ಟ್ರಂಕ್ ಕಾಲ್ ಹಾಕಿದೆ. ಮಾರ್ಗರೆಟ್ ಅರ್ಧ ದಿನ ಟೆಲಿಫೋನಿನ ಹೆಂಗಸರೊಂದಿಗೆ ಹೊಡೆದಾಡಿದಳು. ಒಬ್ಬಳಿಂದ ಇನ್ನೊಬ್ಬಳಿಗೆ, ಅವಳಿಂದ ಮತ್ತೊಬ್ಬಳಿಗೆ ದಾಟುತ್ತ ಕೊನೆಗೆ ಹುಮನಾಬಾದ್ ಸಿಕ್ಕಿತು. ಫೋನು ಎತ್ತಿದವನು ನಮ್ಮ ಜವಾನ.

"ಹಲೋ! ನಾನಪ್ಪ, ಬಾಯಾರು!" ಎಂದು ಕೂಗಿದೆ.

"ಬಾಯಾರು ಇಲ್ರಿ!" ಎಂದು ಅವನು ಅದಕ್ಕಿಂತ ಜೋರಾಗಿ ಕೂಗಿದ. "ಬಾಯಾರು ಅಮೆರಿಕಾಕ್ಕ ಹೋಗ್ಯಾರ್ರಿ! ಮುಂದಿನ ತಿಂಗಳ ಮಾಡ್ರಿ!"

ಇಟ್ಟುಬಿಟ್ಟ. ಎರಡನೆಯ ಸಲ ಲೈನು ಸಿಗಲೇ ಇಲ್ಲ. ನಾನು ಗೋಡೆಗೆ ತಲೆ ಆನಿಸಿ ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ. ಮಾರ್ಗರೆಟ್ ಕಾಫಿ ತಂದುಕೊಟ್ಟಳು, ಏನೂ ಕೇಳಲಿಲ್ಲ. ಅವಳ ಆ ಗುಣ ನನಗೆ ಹಿಡಿಸಿತು.

ಬೇಮಳಖೇಡ

ಊರಿಗೆ ಬಂದ ಮರುದಿನವೇ ಬೇಮಳಖೇಡದ ಬಸ್ಸು ಹತ್ತಿದೆ. ಬಸವಕಲ್ಯಾಣದಲ್ಲಿ ಅವ್ವ ಕಾಯುತ್ತಿದ್ದಳು, ಅಣ್ಣ ಹೋಳಿಗೆ ಮಾಡಿಸಿದ್ದ, ಯಾವುದಕ್ಕೂ ನಿಲ್ಲಲಿಲ್ಲ. ಬೀರಪ್ಪ ಮಾತಿಗೆ ನಿಂತಿದ್ದ, ಹೆಸರು ತೆಗೆಸಿರಲಿಲ್ಲ. ಜಗದೇವಿ ಕುರಿ ದೊಡ್ಡಿ ಬಳಿಯುತ್ತಿದ್ದವಳು ಕೈ ತೊಳೆದು ಬಂದು ಕಂಬಕ್ಕೆ ಒರಗಿ ನಿಂತಳು. ಬೀರಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

ಈ ಸಲ ನಾನು ಏನೂ ಕೇಳಲಿಲ್ಲ. ಅಮೆರಿಕದ ಕತೆ ಹೇಳಿದೆ. ದೀಪದ ಕಂಬ, ಸೀಟಿ, ನಾನು ಮಾಡಿಕೊಂಡ ಫಜೀತಿ ಎಲ್ಲ ಹೇಳಿದೆ. ಠಾಣೆಯಲ್ಲಿ ಕೂತ ಹಿರಿಯರ ಮಾತು ಬಂದಾಗ ಬೀರಪ್ಪ ನಕ್ಕ. ಆಮೇಲೆ ಕ್ಯಾರನ್‌ಳ ಅಪ್ಪನ ಸ್ನೇಹಿತನ ವಿಷಯ, ಅವಳು ಸುತ್ತು ಹಾಕುತ್ತಿದ್ದ ವಿಷಯ ಹೇಳಿ ಸುಮ್ಮನಾದೆ.

ಕಡೆಗೆ ಜಗದೇವಿ ಕೇಳಿದಳು:

"ಬಾಯಾರ, ಆಕಿನೂ ಅವಂಗ ದೊಡ್ಡಪ್ಪ ಅಂತಿದ್ಳೇನ್ರಿ?"

ಬೀರಪ್ಪನ ಕೈ ಹಗ್ಗದ ಮೇಲೆ ನಿಂತಿತು.

"ಯಾವ ದೊಡ್ಡಪ್ಪ?" ಎಂದ.

"ಬಿಸಲಾಗ ಯಾಕ ಕುಂದರ್ತಿ, ಒಳಗ ಚೀಲದ ಮ್ಯಾಲ ಬಂದ್ ಕುಂದರು ಅಂತಿದ್ದ" ಎಂದಳು ಜಗದೇವಿ. ಇಷ್ಟೇ ಹೇಳಿದ್ದು. ಹೇಳಿ ದೊಡ್ಡಿಯ ಕಡೆ ಹೋದಳು.

ಬೀರಪ್ಪ ಎದ್ದ, ಮತ್ತೆ ಕೂತ.

"ನಾನಽ ಕೈ ಮುಗದು ಹವಾಲಿ ಮಾಡಿದ್ದೆನಲ್ರಿ ಬಾಯಾರ. ಕೂಸು ಹೋಗಾಕ ಒಲ್ಲೆ ಅಂದಾಗ ಎರಡ್ ಏಟು ಹೊಡದು ಕಳಸೀನ್ರಿ" ಎಂದ.



ಮಂಡಳಿಯ ಸಭೆ

ಮಂಡಳಿಯವರು ಹಾರ ಹಾಕಿ, ಚಹಾ ಕೊಟ್ಟು, ಅಮೆರಿಕದ ಬಂದೋಬಸ್ತು ವಿವರಿಸಿ ಎಂದರು. ವಿವರಿಸಿದೆ. ನೀಲಿ ದೀಪ ಎಲ್ಲರಿಗೂ ಇಷ್ಟವಾಯಿತು. ಕತ್ತಲಾದರೆ ವಿದ್ಯುತ್ತು ಹೋಗುವ ಊರಿನಲ್ಲಿ ಯಾವ ಬಣ್ಣದ ದೀಪ ಹಾಕಿದರೇನು ಎಂದು ನನಗೆ ಅನ್ನಿಸಿತು, ಅನ್ನಲಿಲ್ಲ. ಒಬ್ಬರು ಸೀಟಿ ತರಿಸೋಣ ಎಂದರು. ಇನ್ನೊಬ್ಬರು ಕಾಂಪೌಂಡ್ ಗೋಡೆ ಎತ್ತರಿಸಿ ಮೇಲೆ ಗಾಜು ನೆಡೋಣ ಎಂದರು.

"ಇದ್ಯಾವುದೂ ಬೇಡ. ಬಸ್‌ಸ್ಟ್ಯಾಂಡಿನಲ್ಲಿ ಯಾರ ಹತ್ತಿರ ಕೂರುತ್ತೀರಿ, ಯಾರ ಹತ್ತಿರ ಒಲ್ಲಿರಿ ಎಂದು ಹುಡುಗಿಯರನ್ನೇ ಕೇಳೋಣ" ಎಂದೆ.

"ಹುಡುಗೇರಿಗೇನ್ ಕೇಳೋದ್ರಿ ಬಾಯಾರ?" ಎಂದರು ಅಧ್ಯಕ್ಷರು. "ಸಣ್ಣ ಮಕ್ಕಳು, ಅವ್ರಿಗೇನ್ ತಿಳೀತದ?"

ಗೋಡೆ ಮಂಜೂರಾಯಿತು. ದೊಡ್ಡಪ್ಪನ ಹೆಸರನ್ನು ಅಲ್ಲಿ ಬಾಯಿಗೆ ತರುವಂತಿರಲಿಲ್ಲ, ತಂದರೆ ಊರು ಮಾತಾಡುವುದು ಜಗದೇವಿಯ ಬಗ್ಗೆಯೇ. ಬೀರಪ್ಪ ಅಡತಿ ಅಂಗಡಿಗೆ ಹೋಗಿ ಏನು ಮಾತಾಡಿದನೋ ಗೊತ್ತಿಲ್ಲ. ಅವನ ತೊಗರಿ ಬೇರೆ ಅಂಗಡಿಗೆ ಹೋಗತೊಡಗಿತು. ಸ್ವಲ್ಪ ದಿನದಲ್ಲೇ ಇನ್ನೂ ಕೆಲವು ಅಪ್ಪಂದಿರು ತಮ್ಮ ಹುಡುಗಿಯರನ್ನು ಆ ಅಂಗಡಿಯ ಕಟ್ಟೆಯಿಂದ ಸದ್ದಿಲ್ಲದೆ ಎಬ್ಬಿಸಿಕೊಂಡು ಹೋದರು. ಅವರಿಗೆ ಹೇಳಿದವನು ಯಾರೆಂದು ನಾನು ಊಹಿಸಬಲ್ಲೆ. ಆ ಬಿಳಿ ಧೋತರದವರು ಮಾತ್ರ ಎಂದಿನಂತೆ ಗಾದಿಯ ಮೇಲೆ ಕೂತೇ ಇದ್ದರು.

ಹುಮನಾಬಾದ್ ಬಸ್‌ಸ್ಟ್ಯಾಂಡ್

ಜಗದೇವಿ ಮತ್ತೆ ಕಾಲೇಜಿಗೆ ಹೊರಟ ದಿನ ಬೀರಪ್ಪನೂ ಬಸ್ಸಿನಲ್ಲಿ ಬಂದ. ಇಬ್ಬರನ್ನೂ ಕಾಣಲು ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಇಳಿದವನೇ ರೂಢಿಯಂತೆ ಸುತ್ತ ಕಣ್ಣಾಡಿಸಿದ, ಯಾರಾದರೂ ದೊಡ್ಡ ಮನುಷ್ಯರು ಕಾಣುತ್ತಾರೆಯೇ ಎಂದು. ಬಸ್ಸುಗಳ ಹೊತ್ತು ನೋಡುವ ಕಂಟ್ರೋಲರರ ಕಡೆ ಎರಡು ಹೆಜ್ಜೆ ಇಟ್ಟ. ನಿಂತ. ತಿರುಗಿ ಮಗಳ ಹತ್ತಿರ ಬಂದ.

"ನೀನ ಹೇಳವ್ವ. ಇಲ್ಲಿ ಯಾರ ಹವಾಲಿ ಮಾಡ್ಲಿ?"

ಜಗದೇವಿ ಅಪ್ಪನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಬಾಳೆಹಣ್ಣಿನ ಬುಟ್ಟಿಯ ಕಡೆ ಬೆರಳು ಮಾಡಿದಳು. ಅಲ್ಲಿ ತುಳಜಾಬಾಯಿ ಕೂತಿದ್ದಳು. ಬಾಯಲ್ಲಿ ಬೀಡಿ, ಸೀರೆ ಮೊಣಕಾಲ ತನಕ. ಅವಳು ಬೈಯಲು ಶುರುಮಾಡಿದರೆ ಡ್ರೈವರುಗಳೂ ಬಸ್ಸು ಹಿಂದೆ ತೆಗೆಯುತ್ತಿದ್ದರು. ಮರ್ಯಾದಸ್ಥರು ಅವಳ ಹತ್ತಿರ ಹಣ್ಣು ಕೊಳ್ಳಲೂ ಹಿಂಜರಿಯುತ್ತಿದ್ದರು.

"ಆಕಿ?" ಎಂದ ಬೀರಪ್ಪ. "ಆಕಿ ಬಾಯಿ ಎಂಥಾ ಹೊಲಸ ಅದ, ಮಾಲೂಮ್ ಅದೇನ್ ನಿನಗ?"

"ಬಾಯಿ ಒಂದಽ ಹೊಲಸ ಅದಪ್ಪ" ಎಂದಳು ಜಗದೇವಿ.

ಬೀರಪ್ಪ ತಲೆಯ ರುಮಾಲು ಸರಿಮಾಡಿಕೊಂಡು ಆ ಬುಟ್ಟಿಯ ಹತ್ತಿರ ಹೋಗಿ, ಬೀಡಿ ಸೇದುತ್ತಿದ್ದ ಆ ಹೆಂಗಸಿನ ಮುಂದೆ ಎರಡೂ ಕೈ ಮುಗಿದ.